ಬಸ್ಸಲ್ಲಿ ಬಂದ ಅರ್ಧ ಕೆಜಿ

ಕಳೆದ ಜುಲೈ. ಶಿವಮೊಗ್ಗದಲ್ಲಿ ಮೂರು ದಿನದಿಂದ ಬಿಡದೆ ಮಳೆ, ಕೋರ್ಪಲಯ್ಯನ ಛತ್ರದ ಹತ್ರ ತುಂಗೆ ಮಂಟಪ ಮುಳುಗಿಸಿದಾಳೆ ಅಂತ ಅರ್ಧ ಊರು ಛತ್ರಿ ಹಿಡ್ಕೊಂಡು ನೋಡೋಕೆ ಹೋಗಿತ್ತು. ಅಪ್ಪನೂ ಅವತ್ತೇ ತೀರ್ಥಹಳ್ಳಿ ಕಡೆಯಿಂದ ಬಂದಿದ್ರು, ಕಣ್ಣು ತೋರ್ಸೋಕೆ. ಡಾಕ್ಟ್ರು ಪೊರೆ ಇನ್ನೂ ಬಲಿತಿಲ್ಲ ಆರು ತಿಂಗಳು ಬಿಟ್ಟು ಬನ್ನಿ ಅಂದು ಕಳ್ಸಿದ್ರು, ಆದ್ರೆ ಪರೀಕ್ಷೆಗೆ ಅಂತ ಡ್ರಾಪ್ಸ್ ಹಾಕಿದ್ರಲ್ಲ, ಅಪ್ಪಂಗೆ ಎಲ್ಲಾ ಮಬ್ಬು ಮಬ್ಬು. ಮನೇಲಿ ಬಿಟ್ಟು ಬರೋಣ ಅಂದ್ರೆ ಆಟೋದವ್ರು ಮಳೇಲಿ ಡಬಲ್ ಕೇಳ್ತಿದ್ರು, ಜಿಮ್ಮು ಆಸ್ಪತ್ರೆಗೆ ಹತ್ರ, ಸರಿ ಒಂದು ಗಂಟೆ ಕೂತಿರಿ ಅಂತ ಅಪ್ಪನ್ನೂ ಜೊತೆಗೇ ಕರ್ಕೊಂಡ್ ಹೋದೆ.

ನನ್ನ ಬಗ್ಗೆ ಸ್ವಲ್ಪ. ವಯಸ್ಸು ನಲವತ್ತೆರಡು, ಹೈಸ್ಕೂಲಲ್ಲಿ ಗಣಿತ ಟೀಚರ್. ಸೊಂಟ ನೋವು ಅಂತ ಶುರು ಮಾಡಿದ ಜಿಮ್ಮು, ನೋವು ಹೋದ್ಮೇಲೂ ಬಿಡಕ್ಕಾಗಿಲ್ಲ. ಮಾಡೋದು ಐದೇ ಐದು, ಸ್ಕ್ವಾಟ್, ನೆಲದಿಂದ ರಾಡ್ ಎತ್ತೋ ಡೆಡ್‌ಲಿಫ್ಟ್, ಬೆಂಚ್, ರೋ, ಮತ್ತೆ ನಿಂತ್ಕೊಂಡು ರಾಡನ್ನ ಹೆಗಲಿಂದ ತಲೆ ಮೇಲಕ್ಕೆ ತಳ್ಳೋ ಓವರ್‌ಹೆಡ್ ಪ್ರೆಸ್. ಐದೈದು ಸಲ, ಮೂರು ಸೆಟ್, ಪೂರ್ತಿ ಬಂದ್ರೆ ಮುಂದಿನ ಸಲ ತೂಕ ಸ್ವಲ್ಪ ಜಾಸ್ತಿ, ಇಷ್ಟೇ ಕಥೆ. ಉಳಿದ ನಾಲ್ಕೂ ನಿಧಾನಕ್ಕೆ ಮೇಲೆ ಹೋಗ್ತಿತ್ತು. ಪ್ರೆಸ್ ಮಾತ್ರ 25 ಕೆಜಿಗೆ ಬಂದು ಕೂತಿದ್ದು ಏಳು ವಾರ ಆದ್ರೂ ಅಲ್ಲಾಡಿರ್ಲಿಲ್ಲ. 25 ಆರಾಮಾಗಿ ಆಗ್ತಿತ್ತು, 30 ಹಾಕಿದ್ರೆ ಹಣೆವರೆಗೂ ಬಂದು ನಿಂತ್ಕೊಳ್ತಿತ್ತು, ಕೈ ನಡುಗಿ ವಾಪಸ್ ಕೆಳಗೆ.

ಜಿಮ್ಮಿನ ಕೋಚ್ ಒಳ್ಳೆ ಹುಡುಗ, ಆದ್ರೆ ಅವ್ನ ಹತ್ರ ಇರೋ ಔಷಧಿ ಒಂದೇ. "ಮೇಡಂ ಬಾಡಿಗೆ ಬೋರಾಗಿದೆ, ಮಸಲ್ ಕನ್ಫ್ಯೂಷನ್ ಮಾಡ್ಬೇಕು, ಈ ಪ್ರೆಸ್ ಬಿಡಿ, ಕೇಬಲ್ಲು, ಮಷೀನು, ಲ್ಯಾಟರಲ್ಲು ಎಲ್ಲಾ ಮಾಡ್ಸ್ತೀನಿ." ನನ್ನ ಮಸಲ್‌ಗೆ ಕನ್ಫ್ಯೂಷನ್ನೇ ಇರ್ಲಿಲ್ಲ, 30 ಎತ್ತಕ್ಕಾಗಲ್ಲ ಅಂತ ಅದಕ್ಕೆ ಬಹಳ ಸ್ಪಷ್ಟವಾಗಿ ಗೊತ್ತಿತ್ತು. ಆದ್ರೂ ಏಳು ವಾರ ಅಂದ್ರೆ ಸುಮ್ನೆ ಅಲ್ಲ, ಮೊಟ್ಟೆ ಎರಡಿದ್ದಿದ್ದು ಮೂರು ಮಾಡಿದ್ದೆ, ರಾತ್ರಿ ಮೊಬೈಲ್ ಬಿಟ್ಟು ಹತ್ತಕ್ಕೇ ಮಲಗ್ತಿದ್ದೆ, ಒಂದು ವಾರ ತೂಕ ಇಳಿಸಿ ರೆಸ್ಟ್ ಕೊಟ್ಟೂ ನೋಡಿದ್ದೆ. ನಿಜ ಹೇಳ್ಬೇಕಂದ್ರೆ ಅವತ್ತು ಅಪ್ಪನ್ನ ಕರ್ಕೊಂಡ್ ಹೋಗುವಾಗ, ಇವತ್ತೂ ಆಗ್ಲಿಲ್ಲ ಅಂದ್ರೆ ಕೋಚ್ ಹೇಳಿದ್ದೇ ಮಾಡೋಣ ಅಂತ ಮನಸ್ಸಲ್ಲಿ ಇತ್ತು.

ಅವತ್ತೂ ಆಗ್ಲಿಲ್ಲ.

ಅಪ್ಪ ಗೋಡೆ ಪಕ್ಕ ಬೆಂಚ್ ಮೇಲೆ ಕೂತಿದ್ರು. ನಾನು ರಾಡ್ ಸ್ಟ್ಯಾಂಡಿಗೆ ಧಡ್ ಅಂತ ಇಟ್ಟಿದ್ದು ಕೇಳಿಸ್ತು ಅನ್ಸುತ್ತೆ, ತಡವರಿಸ್ಕೊಂಡು ಎದ್ದು ಬಂದ್ರು. "ಎಂತ ಆಯ್ತು?" ಎತ್ತಕ್ಕಾಗ್ತಾ ಇಲ್ಲ ಅಂದೆ. "ಎಷ್ಟಿದೆ ಅದು?" 30 ಅಂದೆ, ರಾಡ್ 20, ಆ ಕಡೆ 5 ಈ ಕಡೆ 5. ಅಪ್ಪ ಪ್ಲೇಟ್ ಒಂದನ್ನ ಬಿಚ್ಚೋಕೆ ಹೇಳಿ ಅಂಗೈಲಿ ಇಟ್ಕೊಂಡ್ರು. ನಲವತ್ತು ವರ್ಷ ಕಿರಾಣಿ ಅಂಗಡಿ ನಡೆಸಿದ ಕೈ ಅದು, ಬೆಲ್ಲದ ಉಂಡೆ ಎತ್ತಿ ನೋಡಿದ್ರೆ ಸಾಕು, ಇಷ್ಟು ಅಂತ ಹೇಳಿಬಿಡೋರು. ಕಣ್ಣಿಗೆ ಸರಿಯಾಗಿ ಕಾಣ್ತಿಲ್ಲ, ಪ್ಲೇಟಿನ ಅಂಚೆಲ್ಲ ಬೆರಳಲ್ಲಿ ಸವರಿದ್ರು. "ಇದಕ್ಕೆ ಮುದ್ರೆನೇ ಇಲ್ವಲ್ಲ ಮಾರಾಯ್ತಿ." ಇದು ತರಕಾರಿ ತೂಗೋಕಲ್ಲ ಅಪ್ಪ ಅಂದೆ. ಪ್ಲೇಟು ಸರಿ ಇದೆ ಐದಿದೆ ಅಂದ್ರು. ಆಮೇಲೆ ಖಾಲಿ ರಾಡಿಗೆ ಕೈ ಹಾಕಿ ಮೊಣಕಾಲವರೆಗೂ ಎತ್ತಿ, ಒಂದು ನಿಮಿಷ ಹಂಗೇ ಹಿಡ್ಕೊಂಡು, ವಾಪಸ್ ಇಟ್ಟು, ಒಂದೇ ಮಾತು. "ಇದು ಇಪ್ಪತ್ತಿಲ್ಲ."

ಕೋಚ್ ಹುಡುಗ ನಕ್ಕ. ನಂಗೂ ಸ್ವಲ್ಪ ಮುಜುಗರ ಆಯ್ತು. ಆದ್ರೆ ಬಾಗಿಲ ಹತ್ರ ಎಲ್ಲರೂ ತೂಕ ನೋಡ್ಕೊಳ್ಳೋ ಮಷೀನ್ ಇತ್ತು, ನಾನು ಸುಮ್ನೆ ನಿಂತೆ 61.2, ರಾಡ್ ಹಿಡ್ಕೊಂಡು ನಿಂತೆ 78.7. ಕಳೆದ್ರೆ ಹದಿನೇಳೂವರೆ. ಸ್ಪರ್ಧೆಗಳಲ್ಲಿ ಗಂಡಸರ ರಾಡ್ 20, ಹೆಂಗಸರದ್ದು 15 ಇರುತ್ತೆ, ಹದಿನೇಳೂವರೆ ಯಾರದ್ದು ಅಂತ ದೇವರಿಗೇ ಗೊತ್ತು. ಅಂದ್ರೆ ನನ್ನ 25 ಅಷ್ಟು ದಿನವೂ 22.5 ಆಗಿತ್ತು. ಬೇಜಾರಾಯ್ತು ನಿಜ, ಆದ್ರೆ ಅದಕ್ಕಿಂತ ದೊಡ್ಡ ವಿಷಯ ಅಪ್ಪ ಆಮೇಲೆ ಕೇಳಿದ್ದು. "ಇಪ್ಪತ್ತೆರಡೂವರೆಯಿಂದ ಒಂದೇ ಸಲ ಇಪ್ಪತ್ತೇಳೂವರೆಗೆ ಎಂತಕ್ಕೆ ಹೋಗ್ತೀಯ, ಮಧ್ಯದ್ದೆಲ್ಲ ಎಲ್ಲಿ ಹೋಯ್ತು?"

ಮಧ್ಯದ್ದು ಇರ್ಲೇ ಇಲ್ಲ. ಆ ಜಿಮ್ಮಲ್ಲಿ ಅತಿ ಚಿಕ್ಕ ಪ್ಲೇಟು ಎರಡೂವರೆ, ಎರಡೂ ಕಡೆ ಹಾಕ್ಲೇಬೇಕು, ಸೋ ಏರೋದು ಐದೈದೇ ಕೆಜಿ. ಡೆಡ್‌ಲಿಫ್ಟಲ್ಲಿ 60ರಿಂದ 65ಕ್ಕೆ ಹೋಗೋದು ನೂರಕ್ಕೆ ಎಂಟು, ಕಾಲು ಬೆನ್ನು ಸೊಂಟ ಎಲ್ಲಾ ಸೇರಿ ಎತ್ತುತ್ತೆ, ತಡ್ಕೊಳ್ಳುತ್ತೆ. ಪ್ರೆಸ್ಸಲ್ಲಿ ಕೆಲ್ಸ ಮಾಡೋದು ಹೆಗಲು ಮತ್ತೆ ತೋಳಿನ ಹಿಂದಿನ ಚಿಕ್ಕ ಸ್ನಾಯು, ಅದಕ್ಕೆ 22.5ರ ಮೇಲೆ 5 ಅಂದ್ರೆ ನೂರಕ್ಕೆ ಇಪ್ಪತ್ತೆರಡು! ಎಂಟನೇ ಕ್ಲಾಸಿಗೆ ಪರ್ಸೆಂಟೇಜ್ ಪಾಠ ಮಾಡೋದು ನಾನೇ, ಏಳು ವಾರದಲ್ಲಿ ಈ ಲೆಕ್ಕ ಒಂದು ಸಲ ಹಾಕ್ಬೇಕು ಅಂತ ತಲೆಗೆ ಹೊಳೀಲಿಲ್ಲ, ನನ್ನಲ್ಲೇ ಛಲ ಕಮ್ಮಿ ಅಂದ್ಕೊಂಡು ಸಂಜೆಯೆಲ್ಲ ಮೋಟಿವೇಶನ್ ವಿಡಿಯೋ ನೋಡ್ತಿದ್ದೆ.

ಮನೆಗೆ ಬರ್ತಾ ಆಟೋದಲ್ಲಿ ಅಪ್ಪ ಅವ್ರ ಕಾಲದ ಗರಡಿ ಮಾತು ತೆಗೆದ್ರು. ಊರ ಗರಡೀಲಿ ಎರಡೇ ಗುಂಡುಕಲ್ಲು ಇದ್ವಂತೆ, ಚಿಕ್ಕದು ದೊಡ್ಡದು, ಚಿಕ್ಕದನ್ನ ಎಲ್ಲರೂ ಎತ್ತೋರು ದೊಡ್ಡದನ್ನ ಇಬ್ಬರೋ ಮೂವರೋ. ಮಧ್ಯದವ್ರು ಏನ್ ಮಾಡ್ತಿದ್ರು ಅಂದೆ. ದಂಡೆ, ಬಸ್ಕಿ, ದಿನಾ ಐದೈದು ಜಾಸ್ತಿ ಅಂದ್ರು. ಕಲ್ಲು ಬೆಳಿಯಲ್ಲ, ಅದಕ್ಕೆ ಲೆಕ್ಕ ಬೆಳೆಸ್ತಿದ್ರು. ಆಮೇಲೆ ಕೋಟೆ ಮಾರಿಕಾಂಬಾ ಜಾತ್ರೆ ಕುಸ್ತಿ ನೋಡೋಕೆ ಲಾರಿ ಹತ್ತಿ ಬಂದಿದ್ದ ಕಥೆ, ಅದನ್ನ ನೂರು ಸಲ ಕೇಳಿದೀನಿ, ಬಿಡಿ.

ನಾಲ್ಕು ದಿನ ಆದ್ಮೇಲೆ ಫೋನ್. ಬೆಳಗ್ಗೆ ಬಸ್ಸಿನ ಕಂಡಕ್ಟರ್ ಕೈಲಿ ಒಂದು ಚೀಲ ಕೊಟ್ಟಿದೀನಿ, ಹತ್ತು ಗಂಟೆಗೆ ಸ್ಟ್ಯಾಂಡಿಗೆ ಹೋಗು ಅಂತ. ನಮ್ ಕಡೆ ಇದು ಮಾಮೂಲು, ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಎಲ್ಲಾ ಮಂಡಗದ್ದೆ ಗಾಜನೂರು ದಾಟಿ ಕಂಡಕ್ಟರ್ ಸೀಟಿನ ಕೆಳಗೇ ಬರೋದು. ಕಂಡಕ್ಟರ್ ಚೀಲ ಕೊಡ್ತಾ "ಎಂತ ಅಕ್ಕ ಇದ್ರಲ್ಲಿ, ಕಲ್ಲು ತುಂಬಿದಾರಾ?" ಅಂದ. ಬಿಚ್ಚಿ ನೋಡಿದ್ರೆ ಅಂಗಡಿಯ ಹಳೇ ತೂಕದ ಬಟ್ಟುಗಳು. ಅರ್ಧ ಕೆಜಿದು ಎರಡು, ಒಂದು ಕೆಜಿದು ಎರಡು, ಇನ್ನೂರು ಗ್ರಾಂದು ಎರಡು, ಜೊತೆಗೆ ಸೈಕಲ್ ಟ್ಯೂಬ್ ಕತ್ತರಿಸಿದ ನಾಲ್ಕು ಪಟ್ಟಿ. ಆರು ಮೂಲೆಯ ಕಪ್ಪು ಕಬ್ಬಿಣ, ಗುಳೀಲಿ ತುಂಬಿದ ಸೀಸದ ಮೇಲೆ ಇನ್ಸ್‌ಪೆಕ್ಟರ್ ಹೊಡೆದ ಮುದ್ರೆ, ಆ ಮುದ್ರೆ ಸುತ್ತ ಎಷ್ಟೋ ವರ್ಷದ ಆಯುಧ ಪೂಜೆಯ ಕುಂಕುಮ ಹೆಪ್ಪುಗಟ್ಟಿ ಕೂತಿತ್ತು. ಚಿಕ್ಕವಳಿದ್ದಾಗ ಅದನ್ನ ಉಗುರಲ್ಲಿ ಕೆರೆದು ಬೈಸ್ಕೊಂಡಿದೀನಿ.

ಜಿಮ್ಮಲ್ಲಿ ನಕ್ಕಿದ್ದು ಹೇಳೋದೇ ಬೇಡ. ಪ್ಲೇಟಿನ ಹೊರಗಡೆ ರಾಡಿಗೆ ಬಟ್ಟು ಆನಿಸಿ ಟ್ಯೂಬನ್ನ ಬಿಗಿಯಾಗಿ ನಾಲ್ಕು ಸುತ್ತು ಸುತ್ತಿ, ಅದರ ಮೇಲೆ ಲಾಕ್ ಹಾಕಿ, ಮೂರು ಸಲ ಅಲ್ಲಾಡ್ಸಿ ನೋಡಿ ಆಮೇಲೆನೇ ಎತ್ತಿದ್ದು, ತಲೆ ಮೇಲೆ ಅರ್ಧ ಕೆಜಿ ಕಬ್ಬಿಣ ಬಿದ್ರೆ ಕಥೆ ಬೇರೆ. 23.5. ಮೂರೂ ಸೆಟ್ ಬಂತು. ಕೋಚ್‌ಗೆ ನಾನು ಕುಂದಾಪುರ ಕಡೆಯ ವೇಟ್‌ಲಿಫ್ಟರ್ ಗುರುರಾಜ್ ಪೂಜಾರಿ ಕಥೆ ಹೇಳ್ದೆ, ಹುಲಿಕಲ್ ಘಾಟಿ ಇಳಿದ್ರೆ ಅವ್ರೂರ ಕಡೆಗೇ ಹೋಗ್ತೀವಿ. 2018ರ ಕಾಮನ್‌ವೆಲ್ತ್‌ನಲ್ಲಿ ಬೆಳ್ಳಿ ಗೆದ್ದವ್ರು, 2022ರಲ್ಲಿ ಬರ್ಮಿಂಗ್‌ಹ್ಯಾಮಲ್ಲಿ 61 ಕೆಜಿ ವಿಭಾಗದಲ್ಲಿ ಒಟ್ಟು 269 ಎತ್ತಿ ಕಂಚು ತಗೊಂಡ್ರು, ನಾಲ್ಕನೇ ಸ್ಥಾನದ ಕೆನಡಾದವ್ನು ಎತ್ತಿದ್ದು 268. ಒಂದು ಕೆಜಿ ಅಂದ್ರೆ ಆ ಕಡೆ ಅರ್ಧ ಈ ಕಡೆ ಅರ್ಧ, ನೋಡು ನಿನ್ ಮುಂದೆ ಕಟ್ಟಿದೀನಲ್ಲ ಅಷ್ಟೇ. ಅವ್ನು ಏನೂ ಹೇಳ್ಲಿಲ್ಲ, ಮುಂದಿನ ಸಲ ಟ್ಯೂಬ್ ಸುತ್ತೋಕೆ ತಾನೇ ಬಂದ.

24.5 ಬೇಗ ಬಂತು. 25.5ಕ್ಕೆ ಮೂರು ವಾರ ಹಿಡೀತು. ಅಲ್ಲಿ ಸಿಕ್ಕಾಕೊಂಡಾಗ ಇನ್ನೂರು ಗ್ರಾಂದೂ ಸೇರಿಸಿದೆ, ನೋಟ್‌ಬುಕ್ಕಲ್ಲಿ ಅವತ್ತಿನ ಎಂಟ್ರಿ 25 ಕೆಜಿ 900 ಗ್ರಾಂ ಅಂತ ಇದೆ, ಥೇಟ್ ಕಿರಾಣಿ ಲೆಕ್ಕ. 27.5 ಎರಡು ಸಲ ಕೈ ಕೊಟ್ಟು ಮೂರನೇ ಸಲ, ಸೆಪ್ಟೆಂಬರ್ ಕೊನೇಲಿ ಬಂತು. ಅಪ್ಪಂಗೆ ಫೋನ್ ಮಾಡಿ ಹೇಳ್ದೆ. "ಬಟ್ಟು ತುಕ್ಕು ಹಿಡಿಯಕ್ಕೆ ಬಿಡ್ಬೇಡ, ಕೊಬ್ಬರಿ ಎಣ್ಣೆ ಸವರು" ಅಂದು ಇಟ್ರು.

ಆಯುಧ ಪೂಜೆ ದಿನ ಜಿಮ್ಮಿಗೂ ರಜ ಇರ್ಲಿಲ್ಲ, ಹುಡುಗ್ರು ರಾಡು ಡಂಬೆಲ್ ಎಲ್ಲದಕ್ಕೂ ಅರಿಶಿನ ಕುಂಕುಮ ಹಚ್ಚಿ, ಬಾಗಿಲಲ್ಲಿ ಬೂದುಗುಂಬಳ ಒಡೆದು, ಮಂಡಕ್ಕಿ ಹಂಚ್ತಾ ಇದ್ರು. ಕೋಚ್ ನನ್ ಚೀಲ ಈಸ್ಕೊಂಡು ಆರೂ ಬಟ್ಟು ಸಾಲಾಗಿ ಇಟ್ಟು ಒಂದೊಂದಕ್ಕೂ ಬೊಟ್ಟಿಟ್ಟ, ಹಳೇ ಕುಂಕುಮದ ಮೇಲೇ. ಆಮೇಲೆ 27.5ಕ್ಕೆ ಅರ್ಧರ್ಧ ಕಟ್ಟಿದ್ವಿ. ಕುಂಕುಮ ಅಂಗೈಗೆಲ್ಲ ಮೆತ್ತಿ ರಾಡ್ ಜಾರ್ತಿತ್ತು, ದುಪಟ್ಟಾಗೆ ಒರೆಸ್ಕೊಂಡು ಎತ್ತಿದೆ. ನಾಲ್ಕು ಬಂತು, ಐದನೇದು ಹಣೆ ಹತ್ರ ಬಂದು ನಿಂತ್ಕೊಳ್ತು.

ಶುಕ್ರವಾರ ಮತ್ತೆ ಅದೇ 28.5.