ಬೈಯೋರೆಲ್ಲಾ ವೋಟು ಬದಲಾಯಿಸಲ್ಲ

ಎಲೆಕ್ಷನ್ ಸರ್ವೆಗೆ ಹೊಸ ಹುಡುಗ್ರು ಸೇರ್ಕೊಂಡಾಗೆಲ್ಲಾ ಇದನ್ನ ನೋಡ್ತೀನಿ. ಯಾರಾದ್ರೂ ಸರ್ಕಾರಾನ ಗಟ್ಟಿಯಾಗಿ ಬೈದ್ರೆ ಸಾಕು, ಈ ವೋಟು ಕೈಬಿಡ್ತು ಅಂತ ಮನಸಲ್ಲೇ ಲೆಕ್ಕ ಹಾಕ್ಬಿಡ್ತಾರೆ. ನಾನು ಫೀಲ್ಡ್ ಸೂಪರ್‌ವೈಸರ್, ಟ್ರೈನಿಂಗಲ್ಲಿ ಮೊದಲು 2023ರ ವಿಧಾನಸಭೆ ರಿಸಲ್ಟ್ ತೆಗೆದು ಮುಂದಿಡ್ತೀನಿ.

ಆಗ ಸಿಲಿಂಡರ್ ರೇಟು 1100 ದಾಟಿತ್ತು, 40 ಪರ್ಸೆಂಟ್ ಕಮಿಷನ್ ಆರೋಪ, ಗೋಡೆ ಮೇಲೆ ಮುಖ್ಯಮಂತ್ರಿನ ಅಣಕಿಸೋ ಪೇಸಿಎಂ ಪೋಸ್ಟರು, ಜನ ಬಾಯಿಗೆ ಬಂದಂಗೆ ಬೈತಿದ್ರು, ಬಿಜೆಪಿ 104ರಿಂದ 66 ಸೀಟಿಗೆ ಬಿತ್ತು. ಆದ್ರೆ ವೋಟ್ ಶೇರ್? 2018ರಲ್ಲೂ ಸುಮಾರು 36 ಪರ್ಸೆಂಟ್, 2023ರಲ್ಲೂ ಸುಮಾರು 36. ಜೆಡಿಎಸ್ ಶೇರ್ 18ರಿಂದ 13ಕ್ಕೆ ಇಳೀತು, ಕಾಂಗ್ರೆಸ್ 38ರಿಂದ 43ರ ಹತ್ರ ಹೋಯ್ತು. ಹಳೇ ಮೈಸೂರು ಭಾಗದಲ್ಲಿ ಬಿಜೆಪಿಗೆ ಹೊಸದಾಗಿ ಬಂದ ವೋಟು, ಬೇರೆ ಭಾಗಗಳಲ್ಲಿ ಅದು ಕಳ್ಕೊಂಡ ವೋಟನ್ನ ಮುಚ್ಚಿಹಾಕ್ತು ಅನ್ನೋದೂ ಇದೆ, ಆದ್ರೂ ಬೈದೋರಲ್ಲಿ ಎಷ್ಟೋ ಜನ ಕೊನೆಗೆ ತಮ್ಮ ಗುರುತಿಗೇ ಒತ್ತಿ ಬಂದಿದಾರೆ ಅಂತಲೇ ನನ್ ಅಂದಾಜು.

ಸಿಟ್ಟಾದೋರು ಜೋರಾಗಿ ಮಾತಾಡ್ತಾರೆ, ಟ್ಯಾಬ್ ನೋಡಿದ್ ತಕ್ಷಣ ಶುರು. "ಹೌದು ಸಾರ್, ಎಮ್ಮೆಲ್ಲೆ ಈ ಕಡೆ ತಲೆನೇ ಹಾಕಿಲ್ಲ, ಆದ್ರೆ ವೋಟು ಪಾರ್ಟಿಗೇ" ಅನ್ನೋರೂ ಇವರೇ. ಭಯ ಇರೋರು ಬೇರೆ ಥರ. ಪಿಂಚಣಿ ನಿಂತುಬಿಟ್ರೆ, ರೇಷನ್ ಕಾರ್ಡಿಂದ ಹೆಸರು ತೆಗೆದ್ರೆ ಅನ್ನೋ ಚಿಂತೆ, ಮೊದಲು ಅಕ್ಕಪಕ್ಕ ನೋಡ್ತಾರೆ, ಆಮೇಲೆ ನಮ್ಮನ್ನೇ ಕೇಳ್ತಾರೆ, "ಯಾರ್ ಬರಬೋದು ಅಣ್ಣಾ?" ಅಂತ. ಜಾರ್ಜ್ ಮಾರ್ಕಸ್ ಅನ್ನೋ ಅಮೆರಿಕದ ರಾಜಕೀಯ ಶಾಸ್ತ್ರಜ್ಞರು ಹೇಳೋದೂ ಹೆಚ್ಚುಕಮ್ಮಿ ಇದೇ: ಆತಂಕ ಇದ್ದಾಗ ಜನ ಹಳೇ ಅಭ್ಯಾಸ ಬಿಟ್ಟು ಸುದ್ದಿ ಹುಡುಕ್ತಾರೆ, ಸಿಟ್ಟಲ್ಲಿದ್ದಾಗ ಇದ್ದಲ್ಲೇ ಇನ್ನೂ ಗಟ್ಟಿ ಆಗ್ತಾರೆ. ಹಾಗಾಗಿ ವಾಪಸ್ ಪ್ರಶ್ನೆ ಕೇಳಿದೋರ ಹೆಸರಿಲ್ಲದ ಫಾರಂ ಮೇಲೆ ಒಂದು ಗುರುತು ಹಾಕಿ ಅಂತ ನಮ್ ಹುಡುಗ್ರಿಗೆ ಹೇಳಿದೀನಿ, ಪ್ರಚಾರದ ಕೊನೇ ವಾರದಲ್ಲಿ ಆ ಕಡೆ ಈ ಕಡೆ ಆಗೋರು ಅವರೇ ಜಾಸ್ತಿ.

ಇನ್ನು ಬೇಸರ ಬಂದೋರು, ಬೆಂಗಳೂರಲ್ಲಿ ಬೇಕಾದಷ್ಟು ಸಿಗ್ತಾರೆ. "ಎಲ್ಲಾ ಒಂದೇ ಬಿಡಿ" ಅಂತ ಬಾಗಿಲು ಹಾಕ್ತಾರೆ. ಇವರನ್ನ ವಿರೋಧ ಪಕ್ಷದ ಲೆಕ್ಕಕ್ಕೆ ಸೇರಿಸಿದ್ರೆ ಕೆಟ್ಟಿರಿ, ವೋಟಿನ ದಿನ ಮನೇಲಿ ಮಲಗಿರ್ತಾರೆ, ಇಲ್ಲಾ ನೋಟಾ.

ಅದಕ್ಕೇ ನಮ್ ಫಾರಂನಲ್ಲಿ "ಸರ್ಕಾರದ ಬಗ್ಗೆ ಸಮಾಧಾನ ಇದೆಯಾ" ಅನ್ನೋದರ ಕೆಳಗೆ ಇನ್ನೆರಡು ಸೇರಿಸಿದ್ವಿ: ಸಿಟ್ಟು ಯಾರ ಮೇಲೆ, ಹೋದ್ಸಲ ಓಟ್ ಹಾಕೋಕೆ ಹೋಗಿದ್ರಾ. ಇಂಟರ್ವ್ಯೂ ಉದ್ದ ಆಯ್ತು ಅಂತ ಹುಡುಗ್ರು ಗೊಣಗ್ತಾರೆ, ಚಾನೆಲ್‌ನೋರಿಗಂತೂ ಈಗಲೂ ಬೇಕಾಗಿರೋದು ಅಲೆ ಇದೆಯಾ ಇಲ್ವಾ ಅನ್ನೋ ಒಂದೇ ಉತ್ತರ.