ಲಾಯರೂ ಅಲ್ಲ, ಡಾಕ್ಟರೂ ಅಲ್ಲ, ಮತ್ತೇನು ಮಾಡ್ತೀಯ?

ಹಾಸನದಲ್ಲಿ ಅಪಘಾತ ಪರಿಹಾರದ ಕೇಸುಗಳನ್ನೇ ನಡೆಸುವ ವಕೀಲರ ಆಫೀಸಿನಲ್ಲಿ ನಾನು ಕೇಸ್ ಮ್ಯಾನೇಜರ್. ಮೇಲಿನ ಪ್ರಶ್ನೆಗೆ ಬಾಯಲ್ಲಿ ಉತ್ತರ ಹೇಳಿ ಹೇಳಿ ಸಾಕಾಗಿದೆ.

ಕೇಳುವ ರೀತಿಯೇ ಹೊಟ್ಟೆ ಉರಿಸುತ್ತದೆ. ಚನ್ನರಾಯಪಟ್ಟಣದ ಒಂದು ಮದುವೆಯಲ್ಲಿ ಪಂಕ್ತಿಯಲ್ಲಿ ಪಕ್ಕ ಕೂತ ದೊಡ್ಡಪ್ಪ, “ಏನವ್ವ, ಆಸ್ಪತ್ರೆ ಬಾಗ್ಲಲ್ಲಿ ನಿಂತು ಕೇಸು ಹಿಡೀತೀಯಂತೆ?” ಅಂದರು. ಸುತ್ತಲಿದ್ದವರು ನಕ್ಕರು. ನಾನು ಪಾಯಸ ಬರುವ ಮೊದಲೇ ಎಲೆ ಮಡಿಚಿ ಎದ್ದೆ. ಇಲ್ಲ ದೊಡ್ಡಪ್ಪ, ಹಿಡಿಯಲ್ಲ. ಹಿಡಿಯುವವರು ಇದ್ದಾರೆ, ಅವರಿಂದಲೇ ನಮಗೂ ಈ ಹೆಸರು. ಮನೆಯವರು ತಾವಾಗಿ ಆಫೀಸಿನ ಮೆಟ್ಟಿಲು ಹತ್ತಿದ ಮೇಲೆ ನನ್ನ ಕೆಲಸ. ಎಫ್‌ಐಆರ್, ಮಹಜರು, ಡಾಕ್ಟರು ಗಾಯದ ಬಗ್ಗೆ ಬರೆದುಕೊಡುವ ವೂಂಡ್ ಸರ್ಟಿಫಿಕೇಟ್, ಬಿಲ್ಲು, ಗಾಡಿಯ ಪಾಲಿಸಿ ಒಂದೊಂದಾಗಿ ತರಿಸಬೇಕು. ವಾದ ವಕೀಲರದ್ದು, ವಾದಕ್ಕೆ ಬೇಕಾದ ಕಾಗದ ನನ್ನದು.

ಕಾಗದದಿಂದ ಏನಾಗುತ್ತೆ? ಸಕಲೇಶಪುರದ ಕಡೆಯ ಒಬ್ಬರು, 38 ವರ್ಷ, ಸಿಲ್ವರ್ ಓಕ್ ಮರಕ್ಕೆ ಬಿದಿರಿನ ಏಣಿ ಹಾಕಿ ಕಾಳುಮೆಣಸು ಕುಯ್ಯುವ ಕೂಲಿ ಮಾಡುತ್ತಿದ್ದರು. ಜೀಪು ಗುದ್ದಿ ಮಂಡಿ ಹೋಯಿತು. ಡಾಕ್ಟರು ಕಾಲಿಗೆ 30 ಪರ್ಸೆಂಟ್ ಊನ ಎಂದು ಬರೆದರು. ಇಡೀ ದೇಹಕ್ಕೆ ಹಿಡಿದರೆ ಅದು 10. ತಿಂಗಳಿಗೆ 15,000 ಆದಾಯ, ಸುಪ್ರೀಂ ಕೋರ್ಟಿನ 2009ರ ಸರಳಾ ವರ್ಮಾ ತೀರ್ಪಿನ ಪ್ರಕಾರ ಆ ವಯಸ್ಸಿಗೆ ಗುಣಕ, ಅಂದರೆ ವರ್ಷದ ನಷ್ಟವನ್ನು ಗುಣಿಸುವ ಸಂಖ್ಯೆ, 15. ದುಡಿಮೆಯ ನಷ್ಟ 2,70,000 ರೂಪಾಯಿ, ಅಷ್ಟೇ. ಆದರೆ ಏಣಿ ಹತ್ತಲಾಗದವರಿಗೆ ಮೆಣಸಿನ ಕೂಲಿ ಹತ್ತರಲ್ಲಿ ಒಂದು ಪಾಲು ಹೋಗುತ್ತದೆಯೇ? ಪೂರ್ತಿ ಹೋಗುತ್ತದೆ. ದುಡಿಯುವ ಶಕ್ತಿ ಎಷ್ಟು ಹೋಯಿತು ಎಂದು ನೋಡಬೇಕೆಂದು 2010ರಲ್ಲೇ ಸುಪ್ರೀಂ ಕೋರ್ಟ್ ರಾಜ್‌ಕುಮಾರ್ ಪ್ರಕರಣದಲ್ಲಿ ಹೇಳಿದೆ. ಅದನ್ನು ತೋರಿಸಲು ಪುರಾವೆ ಬೇಕಲ್ಲ? ಅವರ ಜಗಲಿಯಲ್ಲಿ ಒಂದು ಮಧ್ಯಾಹ್ನವಿಡೀ ಕೂತು, ಬೆಳಿಗ್ಗೆಯಿಂದ ಸಂಜೆವರೆಗೆ ಯಾವ ಕೆಲಸ, ಎಷ್ಟು ಮರ, ಎಲ್ಲ ಬರೆದುಕೊಂಡೆ. ತೋಟದ ಲೆಕ್ಕ ಬರೆಯುವ ರೈಟರ ಹತ್ತಿರ ಮೂರು ಸಲ ಹೋಗಿ ಚೆಕ್‌ರೋಲಿನ, ಅಂದರೆ ಆಳುಗಳ ಹಾಜರಿ ಪುಸ್ತಕದ, ನಕಲು ತಂದೆ. ಮೇಸ್ತ್ರಿ ಬಂದು ಸಾಕ್ಷಿ ಹೇಳಿದರು. ದುಡಿಯುವ ಶಕ್ತಿ 30 ಪರ್ಸೆಂಟ್ ಹೋಗಿದೆ ಎಂದು ನ್ಯಾಯಮಂಡಳಿ ಒಪ್ಪಿತು: 8,10,000. ಇದು ನಾನು ಮಾಡುವ ಕೆಲಸ.

ಆ ಊರಿನವರೂ ಕೇಳಿದ್ದು “ಎಷ್ಟು ಬಂತು?” ಅಂತಲೇ. ಆಕ್ಸಿಡೆಂಟ್ ಆದ ದಿನ ಏನು ಮಾಡಬೇಕು ಎಂದು ಯಾರೂ ಕೇಳುವುದಿಲ್ಲ. ಕೇಳಿ, ರಾತ್ರಿ ಹನ್ನೊಂದಕ್ಕೂ ಹೇಳುತ್ತೇನೆ. ಗಾಯ ಹೇಗಾಯಿತು ಎಂದು ಆಸ್ಪತ್ರೆಯಲ್ಲಿ ಕೇಳಿದಾಗ ನಡೆದದ್ದನ್ನೇ ಹೇಳಿ. ಪೊಲೀಸರ ರಗಳೆ ಬೇಡವೆಂದು “ತಾನೇ ಬಿದ್ದ” ಅಂದರೆ, ಕೇಸ್‌ಶೀಟಿನ ಆ ಒಂದು ಸಾಲನ್ನೇ ಹಿಡಿದು ಇನ್ಶೂರೆನ್ಸ್ ಕಡೆಯ ವಕೀಲರು ಪಾಟೀಸವಾಲು ಹಾಕುತ್ತಾರೆ. ಮೆಡಿಕಲ್ ಸ್ಟೋರಿನ ಚೀಟಿಯನ್ನೂ ಬಿಸಾಡಬೇಡಿ. ಗುದ್ದಿದ ಗಾಡಿ ಸಿಗಲೇ ಇಲ್ಲವೆಂದು ಸುಮ್ಮನಾಗಬೇಡಿ. 2022ರ ಏಪ್ರಿಲ್ 1ರಿಂದ ಅಂಥ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಇದೆ. ಪರಿಹಾರದ ಅರ್ಜಿಗೆ ಆರು ತಿಂಗಳ ಗಡುವು ಜಾರಿಯಾದದ್ದೂ ಅವತ್ತಿನಿಂದಲೇ.

ಮಗನನ್ನು ಕಳೆದುಕೊಂಡ ಒಬ್ಬ ತಾಯಿ, “ವರ್ಷದ ಕಾರ್ಯ ಮುಗೀಲಿ, ಆಮೇಲೆ ಬತ್ತೀನಿ ಕಣವ್ವ” ಎಂದು ಹೋಗಿದ್ದಾರೆ. ನಾಲ್ಕು ತಿಂಗಳಾಯಿತು. ಫೋನು ಎತ್ತುತ್ತಿಲ್ಲ. ನಾಳೆ ಮೊದಲ ಬಸ್ಸಿಗೆ ಅವರ ಊರಿಗೆ ಹೊರಟಿದ್ದೇನೆ.