ವಿಡಿಯೋ ನಿಲ್ಲಿಸ್ರಿ, ತೊಗರಿ ಲೆಕ್ಕದ ಪೇಜ್ ಬರೀರಿ

ವೆಬ್ ಪೇಜ್ ಮಾಡೋದು ಕಲಿಯುವಾಗ ಎಚ್‌ಟಿಎಂಎಲ್ (ಪೇಜಿನ ರಚನೆ) ಪೂರ್ತಿ ಆಗಲಿ, ಆಮೇಲೆ ಸಿಎಸ್‌ಎಸ್ (ಅಂದಚೆಂದ), ಅದಾದ ಮೇಲೆ ಜಾವಾಸ್ಕ್ರಿಪ್ಟ್ (ಲೆಕ್ಕ ಮಾಡಿಸುವ ಕೋಡ್) ಅಂತ ಕೂತರೆ ಯಾವುದೂ ಮುಗಿಯೋದಿಲ್ಲ ನೋಡ್ರಿ. ಫಾರ್ಮ್, ಟೇಬಲ್, ಲಿಂಕ್, ಚಿತ್ರ ಇಷ್ಟರ ಟ್ಯಾಗ್ (ಎಚ್‌ಟಿಎಂಎಲ್‌ನ ಗುರುತು) ಗೊತ್ತಾದರೆ ಕೆಲಸಕ್ಕೆ ಕೈ ಹಾಕಬಹುದು. ದಿನಕ್ಕೆ ಒಂದೂವರೆ ತಾಸು ಸಿಕ್ಕರೆ ಅರ್ಧ ತಾಸು ಓದು, ಒಂದು ತಾಸು ಕೋಡ್. ಓದಿದ್ದನ್ನು ಮುಚ್ಚಿಟ್ಟು ಖಾಲಿ ಫೈಲಿನಿಂದ ಬರೀಬೇಕು. ವಿಡಿಯೋ ನೋಡುತ್ತ ಜೊತೆಜೊತೆಗೆ ಟೈಪ್ ಮಾಡೋದು ನನ್ನ ಲೆಕ್ಕದಲ್ಲಿ ಅಭ್ಯಾಸವಲ್ಲ, ನಕಲು. ಬರೆಯುವಾಗ ಎಲ್ಲಿ ನೆನಪು ಕೈ ಕೊಟ್ಟಿತೋ ಅದನ್ನು ವಹಿಯಲ್ಲಿ ಗುರುತು ಮಾಡ್ರಿ. ಮರುದಿನದ ಓದು ಅದೇ.

ಮೊದಲ ಪ್ರಾಜೆಕ್ಟಿಗೆ ಟು-ಡು ಲಿಸ್ಟ್ (ಮಾಡಬೇಕಾದ ಕೆಲಸಗಳ ಪಟ್ಟಿ) ಬೇಡ. ಕಲಬುರಗಿ ಎಪಿಎಂಸಿಯಲ್ಲಿ ತೊಗರಿ ಕೊಳ್ಳುವ ಲೆಕ್ಕ ತಗೊಳ್ರಿ: ಎಷ್ಟು ಕ್ವಿಂಟಲ್, ಕ್ವಿಂಟಲಿಗೆ ಏನು ದರ, ಹಮಾಲಿ ಎಷ್ಟು. ಮೂರು ಇನ್‌ಪುಟ್, ಒಂದು ಬಟನ್, ಕೆಳಗೆ ಮೊತ್ತ. ಲೆಕ್ಕಕ್ಕಂತ 10 ಕ್ವಿಂಟಲ್, ದರ 7000, ಹಮಾಲಿ 300 ಹಾಕಿದರೆ 70300 ಬರಬೇಕು. ಇನ್‌ಪುಟ್‌ನಲ್ಲಿ ಬಂದಿದ್ದನ್ನು ಹಾಗೇ ಗುಣಿಸಿ ಕೂಡಿದರೆ ಬರೋದು 70000300.

ಇನ್‌ಪುಟ್‌ನ ವ್ಯಾಲ್ಯೂ ಯಾವಾಗಲೂ ಸ್ಟ್ರಿಂಗ್ (ಅಂಕಿಯಲ್ಲ, ಅಕ್ಷರಗಳ ಸಾಲು), ಟೈಪ್ ನಂಬರ್ ಅಂತ ಕೊಟ್ಟಿದ್ದರೂ. ಗುಣಿಸುವ ಚಿಹ್ನೆ ಸ್ಟ್ರಿಂಗನ್ನು ತಾನೇ ಅಂಕಿ ಮಾಡಿಕೊಳ್ಳುತ್ತದೆ, ಕಳೆಯುವ ಚಿಹ್ನೆಯೂ ಅಷ್ಟೇ. ಕೂಡುವ ಚಿಹ್ನೆ ಮಾತ್ರ ಒಂದು ಬದಿಗೆ ಸ್ಟ್ರಿಂಗ್ ಕಂಡರೆ ಎರಡನ್ನೂ ಅಂಟಿಸಿಬಿಡುತ್ತದೆ. ಅದಕ್ಕೇ ಹಮಾಲಿ ಕೂಡುವ ಬದಲು ಕಳೆಯುವ ಲೆಕ್ಕ ಬರೆದವರಿಗೆ ಈ ತಪ್ಪು ಕಣ್ಣಿಗೇ ಬೀಳೋದಿಲ್ಲ. ಮೂರೂ ವ್ಯಾಲ್ಯೂಗಳನ್ನು ತಗೊಳ್ಳುವಾಗಲೇ ನಂಬರ್ ಫಂಕ್ಷನ್ನಿಗೆ ಹಾಕ್ರಿ. ಆದರೂ ಎರಡು ಕಡೆ ಎಚ್ಚರ ಬೇಕು. ಖಾಲಿ ಬಿಟ್ಟ ಇನ್‌ಪುಟ್ ಸದ್ದಿಲ್ಲದೆ ಸೊನ್ನೆ ಆಗುತ್ತದೆ. ಟೆಕ್ಸ್ಟ್ ಇನ್‌ಪುಟ್‌ನಲ್ಲಿ ಯಾರಾದರೂ ೭೦೦೦ ಅಂತ ಕನ್ನಡ ಅಂಕಿ ಬರೆದರೆ NaN (ನಾಟ್ ಎ ನಂಬರ್, ಅಂಕಿಯಲ್ಲ) ಅಂತ ಬರುತ್ತದೆ. ಟೈಪ್ ಕನ್ವರ್ಷನ್ (ಸ್ಟ್ರಿಂಗನ್ನು ಅಂಕಿ ಮಾಡುವಂಥ ಬದಲಾವಣೆ) ಪಾಠವನ್ನು ಈ ಹೊತ್ತಿಗೆ ಓದಿದರೆ ಒಂದೇ ಸಲಕ್ಕೆ ತಲೆಗೆ ಹತ್ತುತ್ತದೆ. ಮೊದಲೇ ಓದಿದ್ದರೆ ಬರೀ ಬಾಯಿಪಾಠ.

ಆಮೇಲೆ ಮೊಬೈಲಿನಲ್ಲಿ ತೆರೀರಿ. ಅಕ್ಷರ ಇರುವೆಯಷ್ಟು ಕಂಡರೆ ಪೇಜನ್ನು ಪರದೆಯ ಅಗಲಕ್ಕೆ ಹೊಂದಿಸುವ ವ್ಯೂಪೋರ್ಟ್ ಮೆಟಾ ಟ್ಯಾಗ್ ಬಿಟ್ಟುಹೋಗಿದೆ. ಪೇಜ್ ಅಡ್ಡಕ್ಕೆ ಸರಿದಾಡಿದರೆ ಇನ್‌ಪುಟ್‌ನ ಅಗಲ ನೋಡ್ರಿ: 360 ಪಿಕ್ಸೆಲ್ ಪರದೆಯಲ್ಲಿ ಅಗಲ 100 ಪರ್ಸೆಂಟ್, ಎರಡೂ ಬದಿ 16 ಪ್ಯಾಡಿಂಗ್ (ಒಳಗಿನ ಖಾಲಿ ಜಾಗ), 1 ಬಾರ್ಡರ್ (ಅಂಚಿನ ಗೆರೆ) ಅಂದರೆ ಒಟ್ಟು 394. ಸಿಎಸ್‌ಎಸ್‌ನಲ್ಲಿ ಬಾಕ್ಸ್-ಸೈಸಿಂಗ್‌ಗೆ ಬಾರ್ಡರ್-ಬಾಕ್ಸ್ ಕೊಟ್ಟರೆ ಎಲ್ಲಾ 360ರೊಳಗೇ ಕೂರುತ್ತದೆ. ಕನ್ನಡ ಅಕ್ಷರದ ಜಾಗದಲ್ಲಿ ಏನೇನೋ ಗುರುತು ಬಂದರೆ ಅಕ್ಷರಗಳನ್ನು ಹೇಗೆ ಓದಬೇಕು ಅಂತ ಬ್ರೌಸರ್‌ಗೆ ಹೇಳುವ ಯುಟಿಎಫ್-8 ಚಾರ್‌ಸೆಟ್ ಸಾಲು ಇದೆಯೇ ಅಂತ ಮೊದಲು ನೋಡ್ರಿ.

ನಮ್ಮ ಕಡೆ ಬೇಸಿಗೆಯಲ್ಲಿ ಕರೆಂಟ್ ಹೋದರೆ ವೈಫೈಯೂ ಹೋಯಿತು. ಡೆವ್‌ಡಾಕ್ಸ್ ಅನ್ನೋ ಕೈಪಿಡಿಗಳ ಸೈಟಿನಲ್ಲಿ ಎಚ್‌ಟಿಎಂಎಲ್, ಸಿಎಸ್‌ಎಸ್, ಜಾವಾಸ್ಕ್ರಿಪ್ಟ್ ಮೂರನ್ನೂ ಮೊದಲೇ ಆಫ್‌ಲೈನ್ ಇಳಿಸಿಟ್ಟುಕೊಳ್ರಿ. ಈ ಲೆಕ್ಕದ ಪೇಜಿಗೆ ಸರ್ವರ್ ಬೇಕಿಲ್ಲ, ಫೈಲಿನ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಸಾಕು. ಮುಂದೆ ದರಗಳನ್ನು ಜೇಸನ್ (ಮಾಹಿತಿ ಬರೆದಿಡುವ) ಫೈಲಿನಲ್ಲಿಟ್ಟು ಜಾವಾಸ್ಕ್ರಿಪ್ಟಿನ ಫೆಚ್ ಫಂಕ್ಷನ್ನಿನಿಂದ ಓದಿಸಲು ಹೋದಾಗ ಮಾತ್ರ ಹಾಗೆ ತೆರೆದ ಪೇಜನ್ನು ಬ್ರೌಸರ್ ತಡೆಯುತ್ತದೆ. ಆಗ ಕೋಡ್ ಬರೆಯುವ ವಿಎಸ್ ಕೋಡ್ ಎಡಿಟರ್‌ಗೆ ಲೈವ್ ಸರ್ವರ್ ಅನ್ನೋ ಎಕ್ಸ್‌ಟೆನ್ಶನ್ ಹಾಕಿಕೊಂಡು ಅದರಿಂದ ತೆರೀರಿ.